ಹೆಸರು ಹುಟ್ಟಿದ ಮಣ್ಣು

ಇನ್ನೂ ಹತ್ತಿರಕ್ಕೆ ಬನ್ನಿ. ಆ ಕದ ಒಂಚೂರು ಮುಂದಕ್ಕೆ ಮಾಡಿ. ಪೂರ್ತಿ ಮುಚ್ಚಬೇಡಿ, ಪೂರ್ತಿ ಮುಚ್ಚಿದರೆ ಬೀದಿಗೆ ಅನುಮಾನ ಬರುತ್ತದೆ. ಈಗ ಹೇಳುವುದು ನಿಮ್ಮ ಕಿವಿಗೆ ಬಿದ್ದು ಅಲ್ಲೇ ಸಾಯಬೇಕು. ಗಂಡನಿಗೆ ಹೇಳಬಾರದು, ತವರಿನವರಿಗೆ ಹೇಳಬಾರದು, ದೇವರ ಮುಂದೆ ಗೊಣಗುವಾಗಲೂ ಹೇಳಬಾರದು. ಹೊರಗೆ ಬಿದ್ದರೆ ಹೋಗುವುದು ಒಂದು ಮನೆಯ ಮಾನವಲ್ಲ, ಊರಿಗೆ ಊರೇ ಹೆಸರಿಲ್ಲದೆ ನಿಲ್ಲುತ್ತದೆ. ಆಣೆ ಇಟ್ಟಿರಾ? ಸರಿ.

ಸಮುದ್ರದ ದಡದಲ್ಲಿ ಒಂದು ಊರಿತ್ತು. ಅಲ್ಲಿದ್ದವರೆಲ್ಲ ಹಡಗಿನಲ್ಲಿ ಬಂದವರ ಮಕ್ಕಳು, ಮೊಮ್ಮಕ್ಕಳು. ಇಟಲಿ ದೇಶದ ಬೆಟ್ಟ ಬಯಲುಗಳಿಂದ ಅವರ ತಾತಂದಿರು ಬರುವಾಗ ಹೊದಿಕೆ ತಂದರು, ಬಾಣಲೆ ತಂದರು, ಸಂತರ ಪಟ ತಂದರು. ಹೊದಿಕೆ ಹರಿಯಿತು, ಬಾಣಲೆ ತೂತಾಯಿತು, ಪಟ ಮಾಸಿತು. ಉಳಿದದ್ದು ಎರಡೇ. ಒಂದು ಮನೆಹೆಸರು, ಇನ್ನೊಂದು ಆ ಹೆಸರು ಹುಟ್ಟಿದ ಜಾಗದ ಮಣ್ಣು. ಪ್ರತಿ ಮನೆಯ ಗೋಡೆಗೂಡಿನಲ್ಲಿ ಒಂದು ಮರದ ಡಬ್ಬಿ, ಡಬ್ಬಿಯೊಳಗೆ ಮಣ್ಣು.

ಯಾಕೆಂದರೆ ಆ ಊರಿಗೊಂದು ಕಟ್ಟಳೆ ಇತ್ತು.

ಯಾರೇ ಸತ್ತರೂ ಮೂರನೇ ದಿನ ಹೆಣವನ್ನು ಸ್ಮಶಾನದ ಬಾಗಿಲಿಗೆ ತರಬೇಕು. ಬಾಗಿಲಲ್ಲಿ ಕೇಳುವವನು ನಿಂತಿರುತ್ತಾನೆ. ಅವನ ಕೆಲಸ ಅದೊಂದೇ, ಕೇಳುವುದು. "ಈ ಹೆಸರು ಎಲ್ಲಿ ಹುಟ್ಟಿತು?" ಮೂರು ಸಲ ಕೇಳುತ್ತಾನೆ. ಮನೆಯವರು ಮೂರು ಸಲ ಹೇಳಬೇಕು, ಕಟ್ಟಕಡೆಗೆ ನಿಂತವರಿಗೂ ಕೇಳಿಸುವ ಹಾಗೆ. ಆಮೇಲೆ ಹೆಣ ತೊಳೆಯುವವಳು ಪಕ್ಕದಲ್ಲಿ ಮಂಡಿಯೂರಿ ಸತ್ತವರ ಬಲಗೈ ಮೇಲೆ ಬಿಳಿ ಬಟ್ಟೆ ಹೊದಿಸುತ್ತಾಳೆ. ಮನೆಯವರು ಬಟ್ಟೆಯಡಿ ಕೈ ತೂರಿಸಿ ಅಂಗೈ ಮೇಲೆ ಮಣ್ಣು ಇಡುತ್ತಾರೆ. ತೊಳೆಯುವವಳು ಬಟ್ಟೆಯಡಿಯಲ್ಲೇ ಸತ್ತವರ ಕೈ ಹಿಡಿದು ಕಣ್ಣು ಮುಚ್ಚುತ್ತಾಳೆ. ಊರು ನೂರರ ತನಕ ಎಣಿಸುತ್ತದೆ. ಬಟ್ಟೆ ತೆಗೆದಾಗ ಅಂಗೈ ಮುಚ್ಚಿರಬೇಕು. ಮಣ್ಣು ನಿಜದ್ದಾದರೆ ಸತ್ತವನು ಅದನ್ನು ಬಿಡುವುದಿಲ್ಲ, ಹಿಡಿದುಕೊಳ್ಳುತ್ತಾನೆ. ಸುಳ್ಳಾದರೆ ಅಂಗೈ ತೆರೆದೇ ಇರುತ್ತದೆ. ಅಂಥ ಹೆಣಕ್ಕೆ ಗುಂಡಿ ಇಲ್ಲ. ನಿಜದ ಮಣ್ಣು ಬರುವ ತನಕ ಅದು ಉಪ್ಪಿನ ಮನೆಯಲ್ಲಿ, ಉಪ್ಪಿನ ಮೇಲೆ ಮಲಗಿರಬೇಕು.

ತೊಳೆಯುವವಳಿಗೆ ಮಾತ್ರ ಈ ಕಟ್ಟಳೆ ಇಲ್ಲ. ಅವಳ ಕೈಗೆ ಎಲ್ಲರ ಮಣ್ಣೂ ಹತ್ತಿರುತ್ತದೆ ಅಂತ, ಅವಳು ಸತ್ತರೆ ಕೇಳದೆಯೇ ಹೂಳುತ್ತಾರೆ.

ಜನರ ನೆನಪಿನಲ್ಲಿ ಉಪ್ಪಿನ ಮನೆ ಯಾವತ್ತೂ ಖಾಲಿ. ಮಕ್ಕಳು ಅದರ ಬಾಗಿಲಿಗೆ ಒರಗಿ ಆಡುತ್ತಿದ್ದರು. ಊರಿಗೆ ಅದೇ ಜಂಬ: ನಮ್ಮಲ್ಲಿ ಸುಳ್ಳು ಹೆಸರಿನವರು ಒಬ್ಬರೂ ಇಲ್ಲ!

ಜಂಬದ ಮಾತು ಬಂತಲ್ಲ, ಈಗ ಅಂಥ ಜಂಬದ ಒಬ್ಬ ಮಗಳ ಸುದ್ದಿಗೆ ಬರೋಣ.

ಆ ಊರಲ್ಲಿ ಗಾರೆಯ ಗೊಂಬೆ ಮಾಡುವ ಮನೆಯೊಂದಿತ್ತು. ಸಂತರು, ರೆಕ್ಕೆಯ ದೇವದೂತರು, ತಲೆ ಅಲ್ಲಾಡಿಸುವ ಬೆಕ್ಕುಗಳು. ಅಚ್ಚಿಗೆ ಗಾರೆ ಸುರಿಯುವವನು ಅಪ್ಪ, ಒಣಗಿದ ಮೇಲೆ ಕಣ್ಣು ಬರೆಯುವವಳು ಮಗಳು. ಒಳಗೆಲ್ಲ ಪೊಳ್ಳು, ಹೊರಗೆ ದೈವಕಳೆ. ಮದುವೆಯಾಗದೆ ಅಪ್ಪನ ಜೊತೆಯೇ ಉಳಿದವಳು ಅವಳು. ಆಗಿರಲಿಲ್ಲ ಯಾಕೆಂದರೆ ಯಾರ ಹೆಸರೂ ಅವಳ ಹೆಸರಿಗೆ ಎಟುಕುತ್ತಿರಲಿಲ್ಲ.

ಅವರ ಮನೆಹೆಸರಿಗೆ ಹಳೇ ನಾಡಿನ ಭಾಷೆಯಲ್ಲಿ ಗೋಪುರದವರು ಅಂತ ಅರ್ಥ. ಬೆಟ್ಟದ ಮೇಲೊಂದು ಕೋಟೆ, ಕೋಟೆಗೊಂದು ಗೋಪುರ, ಗೋಪುರಕ್ಕೊಬ್ಬ ದೊರೆ, ಆ ದೊರೆಯ ಕಿರಿಮಗನ ಸಂತಾನ ತಾವು. ಇದು ಮಗಳು ದಿನಾ ಓದುವ ಪಾಠ. ಹಡಗಿನಲ್ಲಿ ಬಂದ ತಾತ ಡಬ್ಬಿ ತೋರಿಸಿ, "ಇದು ಗೋಪುರದ ಬುಡದ ಮಣ್ಣು" ಅಂದಿದ್ದು ನಿಜ. ಅಷ್ಟೇ ಅಂದಿದ್ದು. ದೊರೆ, ಕುದುರೆ, ಕತ್ತಿ ಎಲ್ಲ ಆಮೇಲೆ ಬಂದು ಸೇರಿದವು, ಬೆಲ್ಲ ಕಂಡ ಇರುವೆ ಹಾಗೆ. ಬಾಗಿಲ ಮೇಲೆ ಗಾರೆಯಲ್ಲಿ ಒಂದು ಗೋಪುರ ಮಾಡಿ ನಿಲ್ಲಿಸಿದ್ದಳು, ವರ್ಷಕ್ಕೊಂದು ಸಲ ಅದಕ್ಕೆ ಸುಣ್ಣ. ಚರ್ಚಿನಲ್ಲಿ ಮೊದಲನೇ ಬೆಂಚು. ಯಾರಾದರೂ ಹುಬ್ಬೇರಿಸಿದರೆ ಅವಳ ಬಳಿ ಉತ್ತರ ಸಿದ್ಧ. "ನಮ್ಮ ತಾತನ ಕೈ ಮುಚ್ಚಿದ್ದನ್ನ ಇಡೀ ಊರು ನೋಡಿದೆ. ಬಟ್ಟೆ ತೆಗೆದಾಗ ಮುಷ್ಟಿ ಬಿಗಿದು ಗೆಣ್ಣು ಬೆಳ್ಳಗಾಗಿತ್ತು. ನಿಮ್ಮ ತಾತಂದು ಹಾಗಿತ್ತಾ?"

ಪಕ್ಕದ ಮನೆ ಹೆಣ ತೊಳೆಯುವವರದು. ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಅವರ ಡಬ್ಬಿಯ ಮಣ್ಣು ಬಂದದ್ದು ಒಂದು ಹಂದಿದೊಡ್ಡಿಯಿಂದ, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಮಗಳಿಗೆ ಅಷ್ಟು ಸಾಕಾಯಿತು. ಗೋಡೆಯಾಚೆ ಬಟ್ಟೆ ಒಣಹಾಕಲು ಅವರು ಬಂದರೆ ಇವಳು ತನ್ನ ಗಾರೆ ಬೆಕ್ಕುಗಳಿಗೆ ಹೇಳುವಳು, "ಗಾಳಿ ಆ ಕಡೆಯಿಂದ ಬೀಸ್ತಿದೆ ಕಣ್ರೇ, ಮೂಗು ಮುಚ್ಚಿಕೊಳ್ಳಿ." ತೊಳೆಯುವ ಮುದುಕಿ ನಕ್ಕು ಒಳಗೆ ಹೋಗುತ್ತಿದ್ದಳು. ಅವಳು ನಲವತ್ತು ವರ್ಷ ಆ ಊರಿನ ಹೆಣಗಳನ್ನೆಲ್ಲ ತೊಳೆದವಳು, ಎಲ್ಲರ ಕೈಯನ್ನೂ ಬಟ್ಟೆಯಡಿ ಹಿಡಿದವಳು. ಒಂದು ಬೆಳಿಗ್ಗೆ ಒಲೆ ಮುಂದೆ ಕೂತವಳು ಕೂತ ಹಾಗೇ ಹೋದಳು. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ತನ್ನ ಮಗಳಿಗೆ ಒಂದು ಮಾತು ಹೇಳಲೂ ಇಲ್ಲ. ಬಿಳಿ ಬಟ್ಟೆ ಆ ಮಗಳ ಕೈಗೆ ಬಂತು. ಇನ್ನು ಮುಂದೆ ತೊಳೆಯುವವಳು ಅಂದರೆ ಅವಳೇ.

ಅದಾಗಿ ತಿಂಗಳಿಗೆ ಗೊಂಬೆಯ ಅಪ್ಪ ಹಾಸಿಗೆ ಹಿಡಿದ. ಜೀವಮಾನವೆಲ್ಲ ಕುಡಿದ ಗಾರೆ ಪುಡಿ ಎದೆಯಲ್ಲಿ ಗಟ್ಟಿಯಾಗಿತ್ತು. ಉಸಿರು ಎಳೆಯುತ್ತಾ ಮಗಳ ಕೈ ಹಿಡಿದು ಅಂದ, "ಬಾಗಿಲಲ್ಲಿ ಕೇಳಿದಾಗ ದೊರೆ ಗಿರೆ ಅನ್ನಬೇಡ ಮಗಳೇ. ಗೋಪುರದ ಬುಡ ಅಂತ ಅನ್ನು, ಸಾಕು."

"ಯಾಕಪ್ಪ? ದೊರೆ ನಮ್ಮವನಲ್ವಾ?"

"ನಮ್ಮಪ್ಪ ಅಷ್ಟೇ ಅಂದಿದ್ದು. ನಾನು ಮುಂದೆ ಕೇಳಲಿಲ್ಲ. ಕೇಳಬೇಕಿತ್ತೇನೋ."

ಮೂರನೇ ದಿನ ಊರೆಲ್ಲ ಬಾಗಿಲ ಮುಂದೆ ಸೇರಿತು. ಕೇಳುವವನು ಕೇಳಿದ, "ಈ ಹೆಸರು ಎಲ್ಲಿ ಹುಟ್ಟಿತು?"

ಅಪ್ಪನ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಇಡೀ ಊರು ನಿಂತಿದೆಯಲ್ಲ. "ಗೋಪುರದಲ್ಲಿ" ಅಂದಳು.

"ಈ ಹೆಸರು ಎಲ್ಲಿ ಹುಟ್ಟಿತು?"

"ದೊರೆಯ ಗೋಪುರದಲ್ಲಿ."

"ಈ ಹೆಸರು ಎಲ್ಲಿ ಹುಟ್ಟಿತು?"

"ಏಳು ಹಳ್ಳಿ ಆಳಿದ ದೊರೆಯ ಗೋಪುರದಲ್ಲಿ, ಅವನ ಕಿರಿಮಗನ ತೊಟ್ಟಿಲಲ್ಲಿ!"

ತೊಳೆಯುವವಳು ಮಂಡಿಯೂರಿದಳು, ಬಿಳಿ ಬಟ್ಟೆ ಹೊದಿಸಿದಳು. ಮಗಳು ಡಬ್ಬಿ ಬಗ್ಗಿಸಿದಳು. ಊರು ಎಣಿಸಿತು. ನೂರಾಯಿತು. ಬಟ್ಟೆ ತೆಗೆದರು.

ಅಂಗೈ ತೆರೆದಿತ್ತು. ಅದರ ಮೇಲೆ ಮಣ್ಣು, ಭಿಕ್ಷೆ ಬೇಡುವವನ ಕೈಯಲ್ಲಿ ಯಾರೋ ಹಾಕಿ ಹೋದ ಹಾಗೆ.

"ಇನ್ನೊಂದು ಸಲ" ಅಂದಳು ಮಗಳು.

ಇನ್ನೊಂದು ಸಲ ಬಟ್ಟೆ, ಇನ್ನೊಂದು ಸಲ ನೂರು. ಅಂಗೈ ತೆರೆದಿತ್ತು. ಮೂರನೇ ಸಲವೂ ತೆರೆದೇ ಇತ್ತು. ತೊಳೆಯುವವಳ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ತುಟಿ ಅದುರುತ್ತಿತ್ತು. ಪಾಪ, ಹೊಸಬಳು ಅಂದುಕೊಂಡಿತು ಊರು. ಕೇಳುವವನು ಪಕ್ಕಕ್ಕೆ ಸರಿದು ಬಾಗಿಲು ಎಳೆದುಕೊಂಡ.

ಅವತ್ತು ಸಂಜೆಯೊಳಗೆ ಉಪ್ಪಿನ ಮನೆಗೆ ಮೊದಲನೇ ಹೆಣ ಬಂತು. ಮಕ್ಕಳು ಆ ಬಾಗಿಲಿಗೆ ಒರಗುವುದನ್ನು ಬಿಟ್ಟರು.

ಇನ್ನು ಊರಿನ ಬಾಯಿ ಕೇಳಬೇಕೇ? ರೊಟ್ಟಿ ಭಟ್ಟಿಯ ಮುಂದೆ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಬೆಂದದ್ದು ರೊಟ್ಟಿಯೊಂದೇ ಅಲ್ಲ.

"ಮಣ್ಣು ಅದೇ ಡಬ್ಬಿದು."

"ಹೆಸರೂ ಅದೇ."

"ತಾತನ ಕೈ ಮುಚ್ಚಿತು, ಅಪ್ಪನ ಕೈ ಮುಚ್ಚಲಿಲ್ಲ."

"ಅಂದ್ರೆ?"

"ಅಂದ್ರೆ ಅಪ್ಪ ಆ ತಾತನ ಮಗ ಅಲ್ಲ. ಇದನ್ನೂ ನಾನೇ ಬಾಯಿ ಬಿಟ್ಟು ಹೇಳಬೇಕೇನೇ?"

"ಅಯ್ಯೋ, ಅಜ್ಜಿ ಅಷ್ಟು ಗಂಭೀರದ ಹೆಂಗಸು!"

"ಗೊಂಬೆ ಹಲಗೆ ತಲೆ ಮೇಲೆ ಹೊತ್ತು ಹಡಗುಕಟ್ಟೆಗೆ ಹೋಗ್ತಿದ್ದಳಲ್ಲ ಗಂಭೀರದವಳು. ಹಡಗಿನ ಬಡಗಿ ಒಬ್ಬ ಇದ್ದ, ಕೆಂಪು ಕೂದಲಿನವನು. ಸತ್ತವನ ಹುಬ್ಬು ನೋಡಿದ್ದೀಯಾ? ಬಿಸಿಲಿಗೆ ಹಿಡಿದರೆ ಕೆಂಪು."

ಗಾರೆ ಪುಡಿಯಿಂದ ಜೀವಮಾನವಿಡೀ ಬೆಳ್ಳಗಿದ್ದ ಹುಬ್ಬನ್ನು ಇವರು ಯಾವ ಬಿಸಿಲಿಗೆ ಹಿಡಿದಿದ್ದರೋ! ಆದರೆ ಊರು ಹೇಳಿತು, ಊರು ಹೇಳಿದ ಮೇಲೆ ಮುಗಿಯಿತು. ವಾರದೊಳಗೆ ಯಾರೋ ಅಜ್ಜಿಯ ಗೋರಿಯ ಶಿಲುಬೆಯನ್ನು ಗೋಡೆ ಕಡೆಗೆ ತಿರುಗಿಸಿ ನಿಲ್ಲಿಸಿದರು. ಮಗಳು ಅದನ್ನು ನೋಡಿದಳು. ನೋಡಿ ನೇರ ಭಟ್ಟಿಗೆ ಬಂದಳು.

"ನಮ್ಮಜ್ಜಿ ಬಾಯಲ್ಲಿ ಮಣ್ಣಿದೆ, ತಿರುಗಿ ಉತ್ತರ ಕೊಡಲ್ಲ ಅಂತ ತಾನೇ ನಿಮಗಿಷ್ಟು ಧೈರ್ಯ?" ಅಂದಳು. "ಡಬ್ಬಿ ಹಳೇದಾಗಿತ್ತು. ಮಣ್ಣು ಸತ್ವ ಕಳಕೊಂಡಿತ್ತು. ನಾನೇ ಹೋಗಿ ಹೊಸದು ತರ್ತೀನಿ. ನಮ್ಮಪ್ಪನ ಕೈ ಮುಚ್ಚುತ್ತೆ. ಆವಾಗ ನೀವೆಲ್ಲ ಆ ಶಿಲುಬೆ ಮುಂದೆ ಮೂಗು ಉಜ್ಜಬೇಕು."

"ಹೋಗಿ ತಾ ತಾಯಿ, ಹಡಗೂ ಇದೆ ಸಮುದ್ರವೂ ಇದೆ. ಬೇಗ ಬಾ, ನಿಮ್ಮಪ್ಪ ಉಪ್ಪು ಹಿಡಿದಾರು."

ಅಪ್ಪ ಸತ್ತ ಹನ್ನೆರಡನೇ ದಿನ ಅವಳು ಹಡಗು ಹತ್ತಿದಳು.

ಹಡಗು ಹೋಯಿತು. ನೀರು ಹಿಂದೆ ಸರಿಯಿತು, ನೀರು ಮುಂದೆ ಬಂತು. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಒಂದೇ ಕಾಣುತ್ತಿತ್ತು, ತೆರೆದ ಅಂಗೈ. ದೊರೆ ಅನ್ನಬೇಡ ಅಂದಿದ್ದನಲ್ಲ, ನಾನು ಅಂದೆನಲ್ಲ, ಅದಕ್ಕೇ ಅಪ್ಪ ಮುನಿದು ಕೈ ಬಿಚ್ಚಿದನೋ ಏನೋ ಅಂತ ಒಳಗೊಳಗೇ ಬೇಯುತ್ತಿದ್ದಳು. ಯಾರ ಮುಂದೆಯೂ ಆಡಲಿಲ್ಲ. ಆಡುವ ಜಾತಿಯಲ್ಲ ಅವಳು.

ಹಳೇ ನಾಡಿನಲ್ಲಿ ಇಳಿದು ಗೋಪುರವಿದ್ದ ಬೆಟ್ಟ ಕೇಳಿಕೊಂಡು ಹೋದಳು. ಬೆಟ್ಟ ಇತ್ತು, ಕೋಟೆ ಇತ್ತು, ಗೋಪುರವೂ ಇತ್ತು. ಮಗಳ ಎದೆ ತುಂಬಿ ಬಂತು. ಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ ಬಟಾಣಿ ಬಿಡಿಸುತ್ತಾ ಕೂತಿದ್ದ.

"ನಾನು ಈ ಮನೆಯವಳು" ಅಂದಳು. ತನ್ನ ಮನೆಹೆಸರು ಹೇಳಿದಳು.

ಕಾವಲುಗಾರ ಕತ್ತೆತ್ತಿ ನೋಡಿದ. "ಇಲ್ಲಿ ದೊರೆ ಇದ್ದ, ಅವನಿಗೊಂದು ಹೆಸರಿತ್ತು. ನೀನು ಹೇಳಿದ್ದಲ್ಲ ಅದು."

"ಕಿರಿಮಗ?"

"ಕಿರಿಮಗನಿಗೂ ಅಪ್ಪನ ಹೆಸರೇ ತಾನೇ ತಾಯಿ?" ಅವನಿಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡ. "ನಿನ್ನ ಹೆಸರಿನವರು ಈ ಬೆಟ್ಟದಲ್ಲಿ ಬೇಕಾದಷ್ಟು ಜನ ಇದ್ದರು. ಕುರಿ ಹಿಂದೆ. ಕೆಳಗಿನ ಪಟ್ಟಣದಲ್ಲಿ ಚಕ್ರದ ಮನೆ ಅಂತ ಇದೆ, ಅಲ್ಲಿಂದ ಸಾಕೋದಕ್ಕೆ ಕಳಿಸ್ತಿದ್ದ ಮಕ್ಕಳು. ಅರ್ಧ ಜನಕ್ಕೆ ಇದೇ ಹೆಸರು. ಮಲಗ್ತಿದ್ದದ್ದು ಇಲ್ಲೇ, ಈ ಗೋಪುರದ ಬುಡದಲ್ಲಿ. ಬಿಸಿಲು ಕುಡಿದ ಕಲ್ಲು ನೋಡು, ಬೆಳಗಿನ ತನಕ ಬೆಚ್ಚಗಿರುತ್ತೆ."

ಮಗಳು ಕಲ್ಲು ಮುಟ್ಟಿದಳು. ಬೆಚ್ಚಗಿತ್ತು. ತಾತ ಸುಳ್ಳು ಹೇಳಿರಲಿಲ್ಲ. ತಾನು ಬೆಚ್ಚಗೆ ಮಲಗಿದ್ದ ಜಾಗದ ಮಣ್ಣನ್ನು ಕಟ್ಟಿಕೊಂಡು ಹಡಗು ಹತ್ತಿದ್ದ, ಅಷ್ಟೆ.

ಬೆಟ್ಟ ಹತ್ತಿದವಳು ಒಬ್ಬಳು, ಇಳಿದವಳು ಇನ್ನೊಬ್ಬಳು.

ಚಕ್ರದ ಮನೆ ಅಂದರೆ ಉದ್ದಕ್ಕೆ ಕಿಟಕಿಯಿಲ್ಲದ ಒಂದು ಗೋಡೆ. ಗೋಡೆಯ ನಡುವೆ ಒಂದು ಮರದ ಪೀಪಾಯಿ, ನಿಂತಲ್ಲೇ ತಿರುಗುವಂಥದ್ದು, ಒಂದು ಕಡೆ ಬಾಯಿ. ಹೊರಗೆ ನಿಂತವಳು ಮಗುವನ್ನು ಅದರೊಳಗೆ ಮಲಗಿಸಿ, ಗಂಟೆ ಎಳೆದು, ಪೀಪಾಯಿ ತಿರುಗಿಸುತ್ತಾಳೆ. ಒಳಗೆ ನಿಂತವಳು ಎತ್ತಿಕೊಳ್ಳುತ್ತಾಳೆ. ಇವಳ ಮುಖ ಅವಳು ನೋಡಬಾರದು, ಅವಳ ಮುಖ ಇವಳು ನೋಡಬಾರದು. ಯಾರು ಅಂತ ಕೇಳಬಾರದು. ಅದು ಆ ಮನೆಯ ಕಟ್ಟಳೆ. ಎಂಥೆಂಥ ಮನೆಯ ಹೆಣ್ಣುಗಳು ಮುಸುಕು ಹಾಕಿಕೊಂಡು ಅಲ್ಲಿ ನಿಂತು ಹೋಗಿದ್ದಾರೋ! ಆ ಗೋಡೆಗೆ ಬಾಯಿ ಇದ್ದಿದ್ದರೆ ನಾವೆಲ್ಲ ಊಟ ಬಿಟ್ಟು ಕೇಳುತ್ತಿದ್ದೆವು.

ಒಳಗೆ ಪುಸ್ತಕಗಳ ಕೋಣೆ, ಪುಸ್ತಕ ಕಾಯುವ ಒಬ್ಬ ಮುದಿ ಸನ್ಯಾಸಿನಿ. ಮಗಳು ತನ್ನ ಮನೆಹೆಸರು, ತಾತನ ಹೆಸರು ಹೇಳಿದಳು.

"ಅದು ಯಾವ ವರ್ಷದ್ದು, ನೋಡ್ತೀನಿ ತಾಳು" ಅಂದಳು ಮುದುಕಿ.

"ನಾನು ಹೇಳಿದ್ದು ಹೆಸರು ಅಮ್ಮ, ವರ್ಷ ಅಲ್ಲ."

"ಇಲ್ಲಿ ಹೆಸರು ಅಂದ್ರೆ ವರ್ಷವೇ ಮಗಳೇ. ವರ್ಷಕ್ಕೆ ಇನ್ನೂರು ಮುನ್ನೂರು ಕೂಸು ಬರೋದು, ಅಷ್ಟೊಂದು ಹೆಸರು ಎಲ್ಲಿಂದ ತರೋಣ? ಒಂದು ವರ್ಷ ಹಿಮ ಬಿತ್ತು, ಎಲ್ಲರೂ ಹಿಮದವರು. ಒಂದು ವರ್ಷ ಅಂಗಳದ ಅಂಜೂರ ಕಾಯಿ ಬಿಟ್ಟಿತು, ಎಲ್ಲರೂ ಅಂಜೂರದವರು. ನಿನ್ನ ವರ್ಷ ಹೆಸರಿಡೋ ತಾಯಿಗೆ ಮಂಡಿ ನೋವು, ಕಿಟಕಿ ಬಿಟ್ಟು ಏಳೋಕೆ ಆಗ್ತಿರಲಿಲ್ಲ. ಕಿಟಕಿಯಿಂದ ಕಂಡದ್ದು ಆ ದೂರದ ಬೆಟ್ಟದ ಗೋಪುರ. ಇಟ್ಟಳು."

ಕಿಟಕಿ ಅಲ್ಲೇ ಇತ್ತು. ಮಗಳು ನೋಡಿದಳು. ದೂರದಲ್ಲಿ ಗೋಪುರ ಹೆಬ್ಬೆರಳಿನಷ್ಟು ಕಾಣುತ್ತಿತ್ತು.

ಮುದುಕಿ ಪುಸ್ತಕ ತೆರೆದು ತಾತನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. "ಗಂಡು. ಎರಡು ದಿನದ್ದು. ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದೆ. ಕೊರಳಲ್ಲಿ ಸಂತರ ಪಟದ ಅರ್ಧ." ಆಮೇಲೆ ವಿವರಿಸಿದಳು, ಮುಂ‌ದೆ ಯಾವತ್ತಾದರೂ ಬಂದು ಕರೆದೊಯ್ಯುತ್ತೇನೆ ಅನ್ನುವವಳು ಒಂದು ಪಟ ಹರಿದು ಅರ್ಧವನ್ನು ಕೂಸಿನ ಕೊರಳಿಗೆ ಕಟ್ಟುತ್ತಿದ್ದಳು, ಇನ್ನರ್ಧ ತಾನು ಇಟ್ಟುಕೊಳ್ಳುತ್ತಿದ್ದಳು. ಎರಡೂ ಸೇರಿದರೆ ಕೂಸು ಅವಳದೇ. ಆ ಪುಸ್ತಕಗಳ ತುಂಬ ಅರ್ಧ ಅರ್ಧ ಸಂತರು, ಸೂಜಿ ಚುಚ್ಚಿಸಿಕೊಂಡು ಕಾಯುತ್ತಾ ಇದ್ದರು. ಯಾರೂ ಬಂದಿರಲಿಲ್ಲ.

ತಾತನ ಪುಟದಲ್ಲಿ ಮಾತ್ರ ಎರಡು ಅರ್ಧಗಳೂ ಇದ್ದವು.

"ಇನ್ನರ್ಧ ಇಲ್ಲಿಗೆ ಹೇಗೆ ಬಂತು ಅಮ್ಮ?"

"ಏಳು ವರ್ಷ ಆದ ಮೇಲೆ ತಂದಳಂತೆ."

"ಯಾರು?"

"ಕೇಳೋ ಹಾಗಿಲ್ಲವಲ್ಲ ಮಗಳೇ. ಬರೆದಿಲ್ಲ." ಮುದುಕಿ ಕೆಳಗಿನ ಸಾಲು ಓದಿದಳು. "ಒಬ್ಬ ಹೆಂಗಸು ಬಂದಳು. ಕೂಸು ಬೆಟ್ಟದಲ್ಲಿದೆ ಅಂದೆವು. ಬೆಟ್ಟ ಹತ್ತಿದಳು. ಅದು ಗೊಂಬೆ ಮಾರುವವರ ಜೊತೆ ಹಡಗು ಹತ್ತಿ ಇಪ್ಪತ್ತು ದಿನ ಆಗಿತ್ತು. ಇಳಿದು ಬಂದಳು. ಪಟ ಇಟ್ಟು ಹೋದಳು. ಎರಡೂ ಒಟ್ಟಿಗೆ ಇರಲಿ ಅಂದಳು."

ಮಗಳು ಜೀವಮಾನದಲ್ಲಿ ಸಾವಿರ ಸಂತರಿಗೆ ಕಣ್ಣು ಬರೆದವಳು. ಈ ಸಂತನ ಮುಖವನ್ನು ಹರಿದದ್ದು ಸರಿಯಾಗಿ ಎರಡು ಕಣ್ಣುಗಳ ನಡುವೆ. ಆ ಕಡೆ ಒಂದು, ಈ ಕಡೆ ಒಂದು. ಸೂಜಿ ಹಾಕಿ ಜೋಡಿಸಿದ್ದರೂ ಅವು ಒಂದನ್ನೊಂದು ನೋಡುತ್ತಿರಲಿಲ್ಲ. ಅವಳು ಪುಟದ ಮೇಲೆ ಕೈಯಿಟ್ಟು ಅತ್ತಳು. ಅಪ್ಪ ಸತ್ತಾಗ ಅತ್ತಿರಲಿಲ್ಲ, ಊರು ಆಡಿಕೊಂಡಾಗ ಅತ್ತಿರಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಇಪ್ಪತ್ತು ದಿನ ತಡವಾಗಿ ಬಂದ, ಹೆಸರೇ ಇಲ್ಲದ ಒಬ್ಬ ಹೆಂಗಸಿಗಾಗಿ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು, "ನನಗೆ ಮಣ್ಣು ಬೇಕಿತ್ತು" ಅಂದಳು.

"ಹೆಸರು ಹುಟ್ಟಿದ್ದು ಕಿಟಕಿಯಲ್ಲಿ, ಅಲ್ಲಿ ಕಲ್ಲುಚಪ್ಪಡಿ. ಕೂಸು ಬಂದಿದ್ದು ಚಕ್ರದಲ್ಲಿ, ಅದು ಮರ. ಒಳಗೆ ಮಣ್ಣೆಲ್ಲಿ?" ಮುದುಕಿ ಯೋಚಿಸಿ ಅಂದಳು, "ಹೊರಗೆ ಹೋಗಿ ನೋಡು. ಅವರು ನಿಂತುಕೊಳ್ತಿದ್ದ ಜಾಗ."

ಹೊರಗೆ, ಚಕ್ರದ ಬಾಯಿಯ ಕೆಳಗೆ ಎರಡು ಕಲ್ಲುಗಳು ಸವೆದು ಗುಂಡಿ ಬಿದ್ದಿದ್ದವು. ಬೀದಿಯ ಬೇರೆ ಯಾವ ಕಲ್ಲೂ ಅಷ್ಟು ಸವೆದಿರಲಿಲ್ಲ. ಮಗುವನ್ನು ಮಲಗಿಸಿ ಗಂಟೆ ಎಳೆಯಲು ಎಷ್ಟು ಹೊತ್ತು ಬೇಕು? ಎಣಿಸಿದರೆ ಹತ್ತು ಉಸಿರು. ಕಲ್ಲು ಸವೆಯುವಷ್ಟು ಹೊತ್ತು ಅವರು ಅಲ್ಲಿ ನಿಂತಿದ್ದರು. ಮಗಳು ಕೂದಲ ಪಿನ್ನು ತೆಗೆದು, ಆ ಎರಡು ಕಲ್ಲಿನ ನಡುವಿನ ಮಣ್ಣನ್ನು ಕೆರೆದು ಕೆರೆದು ಡಬ್ಬಿಗೆ ತುಂಬಿದಳು.

ನೀರು ಹಿಂದೆ ಸರಿಯಿತು, ನೀರು ಮುಂದೆ ಬಂತು. ಊರಿಗೆ ಬಂದಾಗ ಹನ್ನೊಂದು ತಿಂಗಳಾಗಿತ್ತು. ಉಪ್ಪಿನ ಮನೆಯ ಬಾಗಿಲು ತೆಗೆದರು. ಅಪ್ಪ ಉಪ್ಪಿನಲ್ಲಿ ಬೆಳ್ಳಗೆ, ಹಗುರಾಗಿ, ಸಣ್ಣಗಾಗಿ ಮಲಗಿದ್ದ, ತಾನೇ ಅಚ್ಚಿನಿಂದ ತೆಗೆದು ಒಣಗಲಿಟ್ಟ ಗೊಂಬೆಯ ಹಾಗೆ. ಬಲಗೈ ಇನ್ನೂ ತೆರೆದಿತ್ತು.

ಊರೆಲ್ಲ ಬಾಗಿಲ ಮುಂದೆ ಸೇರಿತು. ಮದುವೆಗೂ ಅಷ್ಟು ಜನ ಸೇರುವುದಿಲ್ಲ. ಭಟ್ಟಿಯವರು ಭಟ್ಟಿ ಆರಿಸಿ ಬಂದಿದ್ದರು.

"ಈ ಹೆಸರು ಎಲ್ಲಿ ಹುಟ್ಟಿತು?"

ಮಗಳು ಏನೋ ಅಂದಳು. ಅವಳ ಪಕ್ಕದವರಿಗೂ ಕೇಳಿಸಲಿಲ್ಲ.

"ಕಡೆಯವರಿಗೆ ಕೇಳಿಸಲಿಲ್ಲ ತಾಯಿ" ಅಂದ ಕೇಳುವವನು. "ಈ ಹೆಸರು ಎಲ್ಲಿ ಹುಟ್ಟಿತು?"

ಅವಳು ಹಿಂತಿರುಗಿ ನೋಡಿದಳು. ಬಾಗಿಲಾಚೆ ಅಜ್ಜಿಯ ಶಿಲುಬೆ ಬೆನ್ನು ತೋರಿಸಿ ನಿಂತಿತ್ತು. ಮುಂದೆ ನೋಡಿದಳು, ಅಪ್ಪನ ಅಂಗೈ. ಗೋಪುರದ ಬುಡ ಅಂತ ಅಂದುಬಿಡು, ಸುಳ್ಳೂ ಅಲ್ಲ ಅಂತ ಒಂದು ಮನಸ್ಸು. ಅದೇ ಮಾತಿಗೆ ತಾನೇ ಹನ್ನೊಂದು ತಿಂಗಳು ಅಪ್ಪ ಉಪ್ಪಿನಲ್ಲಿ ಮಲಗಿದ್ದು ಅಂತ ಇನ್ನೊಂದು ಮನಸ್ಸು.

"ಚಕ್ರದ ಮನೆಯಲ್ಲಿ" ಅಂದಳು. ಈಗ ಮುಂದಿನವರಿಗೆ ಕೇಳಿಸಿತು. ಗುಜುಗುಜು ಎದ್ದಿತು.

"ಈ ಹೆಸರು ಎಲ್ಲಿ ಹುಟ್ಟಿತು?"

"ಬೇಡದ ಕೂಸುಗಳನ್ನ ಇಟ್ಟು ಹೋಗೋ ಚಕ್ರದಲ್ಲಿ! ಅಪ್ಪ ಯಾರೋ ಗೊತ್ತಿಲ್ಲ, ಅವ್ವ ಯಾರೋ ಗೊತ್ತಿಲ್ಲ. ನಮಗೆ ಮನೆಯಿಲ್ಲ, ದೊರೆಯಿಲ್ಲ, ಗೋಪುರವಿಲ್ಲ. ಮಂಡಿನೋವಿನ ಒಬ್ಬ ಮುದುಕಿ ಕಿಟಕಿಯಲ್ಲಿ ಕಂಡದ್ದನ್ನ ಮುನ್ನೂರು ಕೂಸಿಗೆ ಹಂಚಿದಳು, ಅದರಲ್ಲೊಂದು ನಮ್ಮ ತಾತ. ಕೇಳಿಸ್ತಾ ಕಡೆಯವರಿಗೆ? ನಮ್ಮಪ್ಪ ನಮ್ಮ ತಾತನ ಮಗನೇ. ನಮ್ಮಜ್ಜಿ ಅಂಥವಳಲ್ಲ. ಆ ಶಿಲುಬೆ ತಿರುಗಿಸಿ!"

ತೊಳೆಯುವವಳು ಮಂಡಿಯೂರಿ ಬಟ್ಟೆ ಹೊದಿಸಿದಳು. ಮಗಳು ಬಟ್ಟೆಯಡಿ ಮಣ್ಣು ಇಟ್ಟಳು. ಊರು ಎಣಿಸಿತು. ನೂರಾಯಿತು. ಬಟ್ಟೆ ತೆಗೆದರು.

ಅಂಗೈ ಮುಚ್ಚಿತ್ತು. ಬೆರಳ ಸಂದಿನಿಂದ ಮಣ್ಣಿನ ಒಂದು ಎಳೆ ಮಾತ್ರ ಹೊರಗೆ ಕಾಣುತ್ತಿತ್ತು.

ಅಪ್ಪನನ್ನು ಹೂಳಿದರು. ಶಿಲುಬೆ ತಿರುಗಿಸಿದರು. ತಿರುಗಿಸಿದ್ದೇನೋ ತಿರುಗಿಸಿದರು, ಆದರೆ ಭಟ್ಟಿಗೆ ಹೊಸ ಹಿಟ್ಟು ಸಿಕ್ಕಿತ್ತಲ್ಲ. ಗೋಪುರದವರು ಅನ್ನುವ ಮಾತು ಆವತ್ತಿಗೆ ಸತ್ತಿತು, ಚಕ್ರದವರು ಅನ್ನುವುದು ಹುಟ್ಟಿತು. ಚರ್ಚಿನ ಮೊದಲ ಬೆಂಚಿನಲ್ಲಿ ಅವಳು ಕೂತರೆ ಬೆಂಚಿನ ಮಿಕ್ಕ ಜಾಗ ಖಾಲಿ. ಎರಡು ಭಾನುವಾರ ಕೂತಳು. ಮೂರನೇ ಭಾನುವಾರ ಬಾಗಿಲ ಹತ್ತಿರ, ನೀರಿನ ಕೊಡ ಇಡುವ ಕಡೆ ನಿಂತುಕೊಂಡಳು. ಮಾರನೇ ದಿನ ಏಣಿ ಹಾಕಿ ಬಾಗಿಲ ಮೇಲಿನ ಗಾರೆ ಗೋಪುರವನ್ನು ಸುತ್ತಿಗೆಯಿಂದ ತಾನೇ ಒಡೆದಳು.

ಚೂರುಗಳನ್ನು ಗುಡಿಸುತ್ತಿದ್ದಾಗ ಸೊಂಟದೆತ್ತರದ ಗೋಡೆಯಾಚೆ ತೊಳೆಯುವವಳು ಬಂದು ನಿಂತಳು. ನಡು ಮಧ್ಯಾಹ್ನ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.

"ಬಾರೇ, ನೋಡು" ಅಂದಳು ಮಗಳು, ತಲೆಯೆತ್ತದೆ. "ನಿಮ್ಮ ಹಂದಿದೊಡ್ಡಿಗಾದರೂ ಒಬ್ಬ ಯಜಮಾನ ಅಂತ ಇದ್ದ. ನಗೋದಿದ್ರೆ ನಕ್ಕುಬಿಡು. ನಿಮ್ಮವ್ವನ ಪಾಲಿನದ್ದೂ ಸೇರಿಸಿ ನಗು."

"ನಗೋಕೆ ಬರಲಿಲ್ಲ ಅಕ್ಕ. ಮುಖ ನೋಡಿ ಒಂದು ಮಾತು ಹೇಳಬೇಕಿತ್ತು. ಪೊರಕೆ ಕೆಳಗಿಡು."

ಮಗಳು ಪೊರಕೆ ಕೆಳಗಿಟ್ಟಳು.

"ಸತ್ತವರ ಕೈ ಯಾವ ಮಣ್ಣಿಗೂ ಮುಚ್ಚಲ್ಲ ಅಕ್ಕ" ಅಂದಳು ತೊಳೆಯುವವಳು.

ಮಗಳು ಚೂರುಗಳನ್ನು ದಾಟಿ ಗೋಡೆಯ ತನಕ ಬಂದಳು. "ಹಾಗಾದ್ರೆ ತಾತಂದು?"

"ನಮ್ಮವ್ವ ಮುಚ್ಚಿದ್ದು. ಬಟ್ಟೆಯಡಿ ಒಂದೊಂದೇ ಬೆರಳು ಮಡಚಿ. ಈ ಊರಿನ ಎಲ್ಲರದ್ದೂ ಅವಳೇ ಮುಚ್ಚಿದ್ದು, ಅದಕ್ಕೂ ಮುಂಚೆ ಅವಳ ಅವ್ವ. ಅದಕ್ಕೇ ಉಪ್ಪಿನ ಮನೆ ಖಾಲಿ ಇದ್ದದ್ದು."

"ಮತ್ತೆ ನಮ್ಮಪ್ಪಂದು ಯಾಕೆ ಮುಚ್ಚಲಿಲ್ಲ ನೀನು? ನಾನು ನಿಮ್ಮನ್ನ ಆಡಿಕೊಂಡಿದ್ದಕ್ಕಾ? ಸೇಡು ತೀರಿಸಿಕೊಂಡೆಯಾ?"

"ಸೇಡಾಗಿದ್ರೆ ಇವತ್ತು ನಾನು ನೆಮ್ಮದಿಯಾಗಿ ಉಣ್ತಿದ್ದೆ" ಅಂದಳು ಪಕ್ಕದ ಮನೆಯವಳು, ಅವಳ ಕಣ್ಣಲ್ಲೇ ಕಣ್ಣಿಟ್ಟು. "ನಿಮ್ಮಪ್ಪಂದು ನನ್ನ ಮೊದಲನೇ ಹೆಣ ಅಕ್ಕ. ನಮ್ಮವ್ವ ನನಗೇನೂ ಹೇಳದೆ ಹೋಗಿಬಿಟ್ಟಳು. ಊರು ನಂಬಿದ ಹಾಗೆ ನಾನೂ ನಂಬಿದ್ದೆ. ಕಣ್ಣು ಮುಚ್ಚಿಕೊಂಡು, ಆ ಕೈ ಮುಚ್ಚಲಿ ಮುಚ್ಚಲಿ ಅಂತ ದೇವರನ್ನ ಬೇಡ್ತಾ ಕೂತಿದ್ದೆ. ನಿನ್ನ ಹಡಗು ಹೋದ ಆರನೇ ದಿನಕ್ಕೆ ಭಟ್ಟಿಯವರ ಕೂಸು ತೀರಿಕೊಂಡಿತು. ಇಷ್ಟು ಚಿಕ್ಕ ಕೈ. ನೂರು ಮುಗೀತಾ ಬಂತು, ಬೆರಳು ಅಲ್ಲಾಡಲಿಲ್ಲ. ಅದನ್ನ ಉಪ್ಪಿಗೆ ಹಾಕೋದನ್ನ ನೋಡಲಾರದೆ ನಾನೇ ಮಡಚಿಬಿಟ್ಟೆ. ಮಡಚಿದ ಮೇಲೆ ಗೊತ್ತಾಯ್ತು, ನಮ್ಮವ್ವ ನಲವತ್ತು ವರ್ಷ ಏನು ಮಾಡ್ತಿದ್ದಳು ಅಂತ. ನೀನು ಆ ಹಳೇ ಡಬ್ಬಿ ಮಣ್ಣೇ ತಂದಿದ್ದರೂ ಈ ಸಲ ಮುಚ್ಚುತ್ತಿದ್ದೆ. ಬರೀ ಕೈಯಲ್ಲಿ ಬಂದಿದ್ದರೂ ಮುಚ್ಚುತ್ತಿದ್ದೆ. ಅವತ್ತೇ ನನಗೆ ಗೊತ್ತಿದ್ದಿದ್ರೆ ಅಕ್ಕ, ನೀನು ಇವತ್ತಿಗೂ ಗೋಪುರದವಳಾಗೇ ಇರ್ತಿದ್ದೆ."